ಜತ್ತದ ಹುಡುಗಿ, ಬುಧಗಾಂವದ ಕಾಲೇಜು

ಸಾಂಗಲಿ ಪಕ್ಕದ ಬುಧಗಾಂವದಲ್ಲಿ 1983ರಿಂದ ವಸಂತದಾದಾ ಪಾಟೀಲರ ಹೆಸರಿನ ಇಂಜಿನಿಯರಿಂಗ್ ಕಾಲೇಜಿದೆ. ಅದೇ ಜಿಲ್ಲೆಯ ಜತ್ತ ತಾಲ್ಲೂಕಿನ ಕನ್ನಡ ಶಾಲೆಯ ಹುಡುಗಿ ಅಲ್ಲಿಗೆ ತಲುಪಬೇಕಾದರೆ ಎಷ್ಟೆಲ್ಲ ದಾಟಬೇಕು ನೋಡಿ.

ಮಳೆ ಕೈಕೊಟ್ಟರೆ ಅಪ್ಪ-ಅವ್ವ ಕಬ್ಬು ಕಡಿಯುವ ಗ್ಯಾಂಗಿಗೆ ಹೋಗುತ್ತಾರೆ. ತಮ್ಮ-ತಂಗಿಯರ ಹೊಣೆ ಹಿರಿಮಗಳದ್ದು. ಹತ್ತನೇ ತರಗತಿವರೆಗೆ ಗಣಿತ, ವಿಜ್ಞಾನ ಎಲ್ಲ ಕನ್ನಡದಲ್ಲೇ ಕಲಿತವಳಿಗೆ ಹನ್ನೊಂದಕ್ಕೆ ಬಂದ ಕೂಡಲೇ ಪುಸ್ತಕ ಇಂಗ್ಲಿಷು, ಸರ್ ವಿವರಿಸುವುದು ಮರಾಠಿಯಲ್ಲಿ. ಉತ್ತರ ಗೊತ್ತಿದ್ದರೂ ಕೈ ಎತ್ತಲು ಅಂಜುತ್ತಾಳೆ.

ಇನ್ನೊಂದು ದಾರಿಯೂ ಇದೆ. ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಗಡಹಿಂಗ್ಲಜದ ಗಡಿನಾಡ ಕನ್ನಡಿಗರಿಗೆ ಕರ್ನಾಟಕದ ಸಿಇಟಿ ಸೀಟಿಗೆ ಅವಕಾಶವಿದೆ. ಕನ್ನಡ ಪರೀಕ್ಷೆ ಪಾಸಾಗಬೇಕು. ಮನೆಯಲ್ಲಿ ಯಾರೂ ಕಾಲೇಜು ಕಾಣದಿದ್ದರೆ ಇದನ್ನು ಅವಳಿಗೆ ಹೇಳುವವರು ಯಾರು? ಮಾಸ್ತರರೇ, ಅರ್ಜಿ ತುಂಬುವ ದಿನ ದಯವಿಟ್ಟು ಅವಳ ಪಕ್ಕ ಕೂತುಕೊಳ್ಳಿ.