ತಲಪರಿಗೆಯ ಬಾವಿಯೂ ಹಡಗಿನ ಪಂಪು ಬಾವಿಯೂ

ನೀರನ್ನೆತ್ತುವ ಸಾಧನವು ಎಷ್ಟೇ ಉತ್ತಮವಾಗಿದ್ದರೂ ಅದು ನಿಂತ ಎಡೆಯು ಭದ್ರವಾಗಿಲ್ಲದಿದ್ದರೆ ಫಲವಿಲ್ಲ. ಮರದ ಹಡಗು ಕಟ್ಟಿದವರೂ, ಕಡಲನ್ನೇ ಕಾಣದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ರೈತರೂ ಈ ತತ್ತ್ವವನ್ನು ಬೇರೆಬೇರೆಯಾಗಿ ಕಂಡುಕೊಂಡಿದ್ದರು. ಇವೆರಡನ್ನೂ ಜೊತೆಯಲ್ಲಿರಿಸಿ ವಿಚಾರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹಡಗನ್ನು ನೋಡೋಣ. ಮರದ ಹಡಗಿನೊಳಕ್ಕೆ ಹಲಗೆಗಳ ಸಂದಿನಿಂದ ನೀರು ಒಸರುತ್ತಲೇ ಇರುತ್ತದೆ. ಅದು ತಳದ ಸಣ್ಣ ಕಾಲುವೆಗಳ ಮೂಲಕ ಹರಿದು, ಸಾಮಾನ್ಯವಾಗಿ ದೊಡ್ಡ ಹಾಯಿಕಂಬದ ಬುಡದ ತಗ್ಗನ್ನು ಸೇರುತ್ತದೆ. ಪಂಪಿನ ಕೊಳವೆಗಳು ಇಳಿಯುವುದೂ ಅಲ್ಲಿಗೇ. ಹಡಗಿಗೆ ಭಾರ ಕೊಡಲೆಂದು ತುಂಬಿದ ಕಲ್ಲುಜಲ್ಲಿಯಾಗಲಿ, ಸರಕಾಗಲಿ ಉರುಳಿ ಕೊಳವೆಯನ್ನು ಒಡೆಯದಂತೆ, ಕಸವು ಅದರ ಬಾಯಿಯನ್ನು ಮುಚ್ಚದಂತೆ, ಆ ತಗ್ಗಿನ ಸುತ್ತ ದಪ್ಪ ಹಲಗೆಗಳ ಕೋಣೆಯೊಂದನ್ನು ಕಟ್ಟುತ್ತಿದ್ದರು. ಆಂಗ್ಲ ನಾವಿಕರು ಇದಕ್ಕಿಟ್ಟ ಹೆಸರಿನ ಅರ್ಥ ‘ಬಾವಿ’ ಎಂದೇ. ಅದರೊಳಗೆ ಅಳತೆಗೋಲನ್ನಿಳಿಸಿ ನೀರಿನ ಮಟ್ಟವನ್ನು ತಿಳಿಯುವುದು ಅವರ ನಿತ್ಯಕರ್ತವ್ಯವಾಗಿತ್ತು.

ಇನ್ನು ನಮ್ಮ ಸೀಮೆಯ ವಿಷಯ. ಇಲ್ಲಿ ಮಳೆ ಕಡಿಮೆ. ಕೆಳಗೆ ಕಗ್ಗಲ್ಲು, ತಗ್ಗಿನಲ್ಲಿ ಮರಳು. ಮರಳಿನಲ್ಲಿ ಇಂಗಿದ ನೀರು ಬಂಡೆಯನ್ನು ತಾಕಿ, ಅದರ ಮೇಲೆಯೇ ಸರಿದು, ತಗ್ಗಾದೆಡೆಯಲ್ಲಿ ನೆಲದ ಸಮೀಪಕ್ಕೆ ಬರುತ್ತದೆ. ಈ ಒರತೆಗಳೇ ತಲಪರಿಗೆಗಳು. ಬಿ. ಎಲ್. ರೈಸ್ ಅವರು 1897ರ ಮೈಸೂರು ಗೆಜೆಟಿಯರಿನಲ್ಲಿ ಇವನ್ನು ಈ ಭಾಗದ ವಿಶೇಷ ಲಕ್ಷಣವೆಂದು ಗುರುತಿಸಿದ್ದಾರೆ. ನೀರು ತಾನಾಗಿ ಹರಿಯುವಲ್ಲಿ ಕಿರುಗಾಲುವೆ ತೋಡಿ ಹೊಲಕ್ಕೆ ಹಾಯಿಸುತ್ತಿದ್ದರು. ಹರಿಯದಲ್ಲಿ ಬಾವಿ ತೋಡಿ ಕಪಿಲೆ ಹೂಡುತ್ತಿದ್ದರು. ಮರಳಿನಲ್ಲಿ ತೋಡಿದ ಗುಂಡಿ ತಾನಾಗಿ ನಿಲ್ಲದು. ದಡ ಕುಸಿದರೆ ಒರತೆಯ ಕಣ್ಣು ಮುಚ್ಚುತ್ತದೆ. ಆದುದರಿಂದ ಕಲ್ಲಿನ ಕಟ್ಟಡವು ಬೇಕಾಯಿತು. ಹಡಗಿನಲ್ಲಿ ಹಲಗೆಯು ಮಾಡಿದ ಕೆಲಸವನ್ನು ಇಲ್ಲಿ ಕಲ್ಲು ಮಾಡಿತು.

ಆದರೆ ಒಂದು ಭೇದವನ್ನು ಮರೆಯಬಾರದು. ಹಡಗಿನಲ್ಲಿ ನೀರು ಶತ್ರು. ಬಾವಿಯಲ್ಲಿ ಅದು ಏರಿದರೆ ಭಯ. ಇಲ್ಲಿ ನೀರೇ ಜೀವ. ಅದು ಇಳಿದರೆ ಭಯ. ಆ ಭಯವು ಇಂದು ನಿಜವಾಗಿದೆ. ಆಳವಾದ ಕೊಳವೆಬಾವಿಗಳು ಹೆಚ್ಚಿದಂತೆ ಅಂತರ್ಜಲವು ಕುಸಿದು ಅನೇಕ ತಲಪರಿಗೆಗಳು ಬತ್ತಿವೆ. ಹೊಳೆಯ ಮರಳನ್ನು ತೆಗೆದುದೂ ಹಾನಿಯನ್ನು ಹೆಚ್ಚಿಸಿದೆ. ಕಲ್ಲಿನ ಗೋಡೆಯು ಮರಳನ್ನು ತಡೆಯಬಲ್ಲುದೇ ಹೊರತು, ತಳದ ನೀರು ಇನ್ನೂ ಆಳಕ್ಕೆ ಇಳಿಯುವುದನ್ನು ತಡೆಯಲಾರದು. ಅದನ್ನು ತಡೆಯಬೇಕಾದುದು ಊರಿನ ಒಮ್ಮತ.

ಈ ನಾಲ್ಕು ತಾಲ್ಲೂಕುಗಳಿಂದ ಬರುವ ವಿದ್ಯಾರ್ಥಿಗಳು ತಂತಮ್ಮ ಊರಿನ ತಲಪರಿಗೆಯ ಹೆಸರು, ಸ್ಥಳ, ಕಟ್ಟಡದ ರೀತಿ, ನೀರಿನ ಮಟ್ಟಗಳನ್ನು ಹಿರಿಯರಿಂದ ಕೇಳಿ, ಕಣ್ಣಾರೆ ನೋಡಿ ಬರೆದಿಡಬೇಕೆಂದು ನಾವು ಆಶಿಸುತ್ತೇವೆ. ಶಾಸನಗಳನ್ನು ಓದುವಷ್ಟೇ ಶ್ರದ್ಧೆಯಿಂದ ಇದನ್ನು ಮಾಡಬೇಕು. ಏಕೆಂದರೆ ಅಳತೆಗೋಲನ್ನು ಇಳಿಸುವ ಅಭ್ಯಾಸವು ತಪ್ಪಿದ ಹಡಗಿನಲ್ಲಿ ಅಪಾಯದ ಅರಿವು ತಡವಾಗಿಯೇ ಬರುತ್ತದೆ.