ಹಿರಿಯರ ಮೊಬೈಲಿಗೆ ಮಾತಷ್ಟೇ ಸಾಕು

ಬದಿಯಡ್ಕ, ಪೆರ್ಲದ ಕಡೆ ತೋಟದ ಮನೆಯಲ್ಲಿರುವ ಅಜ್ಜಿಗೆ ಮೊಬೈಲೆಂದರೆ ಮಂಗಳೂರಿನಲ್ಲಿರುವ ಮಗಳ ದನಿ. ಅವರಿಗೆ ಇಂಟರ್ನೆಟ್ಟಿನ ಖರ್ಚೇಕೆ?

ಕರೆ ಮತ್ತು ಎಸ್‌ಎಂಎಸ್‌ಗಷ್ಟೇ ಮೀಸಲಾದ ಯೋಜನೆಯೊಂದನ್ನಾದರೂ ಇಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ಕಂಪೆನಿಗಳಿಗೆ ವಿಧಿಸಿತು. ವಿಶೇಷ ರೀಚಾರ್ಜುಗಳ ಗರಿಷ್ಠ ಅವಧಿಯನ್ನೂ 90 ದಿನಗಳಿಂದ 365ಕ್ಕೇರಿಸಿತು. ಅಂಗಡಿಯವರು ತಾವಾಗಿ ಹೇಳಲಿಕ್ಕಿಲ್ಲ, ನಾವೇ ಕೇಳಿ ಪಡೆಯಬೇಕು. ಬೆಲೆಯನ್ನು ದಿನಗಳಿಂದ ಭಾಗಿಸಿದರೆ ಅಗ್ಗ ಯಾವುದೆಂದು ತಿಳಿಯುತ್ತದೆ. ಆದರೆ ಮನೆಯೊಳಗೆ ಸಿಗ್ನಲ್ ಇಲ್ಲದಿದ್ದರೆ ಅಗ್ಗವೂ ದಂಡವೇ. ಸಿಗ್ನಲ್ ಇರುವ ಕಂಪೆನಿಗೆ ಹಳೆಯ ನಂಬರಿನೊಡನೆಯೇ ಹೋಗಬಹುದು.

ಅವಧಿ ಮುಗಿಯುವ ಸೂಚನೆ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಬಂದೀತು. ಕನ್ನಡ ಮಾತ್ರ ಓದಬಲ್ಲ ಹಿರಿಯರಿಗಾಗಿ ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿಡೋಣ.