ಪಾತಾಳೇಶ್ವರದಲ್ಲಿ ಕಾರ್ತಿಕ ಹುಣ್ಣಿಮೆ

ಪುಣೆಯ ಜಂಗಲಿ ಮಹಾರಾಜ ರಸ್ತೆ ಸಂಜೆಯಾದರೆ ವಾಹನಗಳಿಂದ ಗಿಜಿಗುಡುತ್ತದೆ. ಆ ರಸ್ತೆಯ ಪಕ್ಕದಲ್ಲೇ, ಜಂಗಲಿ ಮಹಾರಾಜರ ಸಮಾಧಿ ಮಂದಿರಕ್ಕೆ ಹತ್ತಿಕೊಂಡು, ನೆಲಮಟ್ಟಕ್ಕಿಂತ ಕೆಳಗೆ ಪಾತಾಳೇಶ್ವರ ಗುಹಾಲಯವಿದೆ. ಇಡಿಯ ಗುಡಿಯನ್ನು ಒಂದೇ ಕರಿಬಂಡೆಯಲ್ಲಿ ಕೊರೆದಿದ್ದಾರೆ. ಕಾರ್ತಿಕ ಹುಣ್ಣಿಮೆ ಮರಾಠಿ ಜನರಿಗೆ ತ್ರಿಪುರಿ ಪೌರ್ಣಿಮೆ. ಚಳಿ ಕಾಲಿಡುವ ಈ ಹೊತ್ತಿನಲ್ಲಿ ಊರಿನ ಶಿವಾಲಯಗಳೆಲ್ಲ ದೀಪ ಹೊತ್ತು ನಿಲ್ಲುತ್ತವೆ. ಅವುಗಳಲ್ಲಿ ಕನ್ನಡಿಗರು ಮೊದಲು ನೋಡಬೇಕಾದದ್ದು ಇದನ್ನು.

ಒಳಗೆ ಬಂದರೆ ತೆರೆದ ಅಂಗಳ. ನಡುವೆ ನಂದಿ ಮಂಟಪ. ದಪ್ಪ ಚೌಕ ಕಂಬಗಳ ಮೇಲೆ ದೊಡ್ಡ ಕೊಡೆ ಬಿಚ್ಚಿಟ್ಟಂಥ ದುಂಡು ಚಾವಣಿ. ಅದರ ಸುತ್ತ ರಂಗೋಲಿ, ರಂಗೋಲಿಯ ಗೆರೆಗುಂಟ ಹಣತೆಗಳು. ಹುಡುಗಿಯರು ಎಣ್ಣೆಯ ಡಬ್ಬಿ ಹಿಡಿದು ಸಾಲಿನ ಉದ್ದಕ್ಕೂ ಬಗ್ಗಿ ನಡೆಯುತ್ತಾರೆ. ಗಾಳಿ ಬೀಸಿತೆಂದರೆ ಹತ್ತಾರು ಅಂಗೈಗಳು ಒಟ್ಟಿಗೆ ಅಡ್ಡ ಬರುತ್ತವೆ. ಯಾವ ದೀಪ ಯಾರದೆಂಬ ಲೆಕ್ಕವಿಲ್ಲ. ಆರಿದ್ದನ್ನು ಹತ್ತಿರ ಇದ್ದವರು ಹಚ್ಚುತ್ತಾರೆ.

ಕಂಬದ ಬುಡದಲ್ಲಿ ಕೂತ ಅಜ್ಜಿಯೊಬ್ಬರು ಹಿತ್ತಾಳೆ ಬಟ್ಟಲಲ್ಲಿ ಬೆರಳುಗಾತ್ರದ ಬತ್ತಿಯೊಂದನ್ನು ತುಪ್ಪದಲ್ಲಿ ನೆನೆಸುತ್ತಿದ್ದರು. ಅದು ತ್ರಿಪುರ ವಾತ. ಏಳುನೂರ ಐವತ್ತು ಎಳೆ ನೂಲು ಸೇರಿಸಿ ಮಾಡುವ ಈ ಬತ್ತಿಯನ್ನು ಉರಿಸುವುದು ವರ್ಷಕ್ಕೊಮ್ಮೆ, ಈ ಸಂಜೆ ಮಾತ್ರ. ಎಳೆಗಳೆಲ್ಲ ತುಪ್ಪ ಕುಡಿಯುವವರೆಗೆ ಅವರು ಬೆರಳಲ್ಲಿ ಒತ್ತುತ್ತಲೇ ಇದ್ದರು. "ಎಲ್ಲ ನೀವೇ ಎಳೆದದ್ದೇ ಅಜ್ಜಿ?" ಎಂದು ಕೇಳಿದೆ. "ಮತ್ಯಾರು ಬಾಳಾ? ಮಧ್ಯಾಹ್ನ ಊಟ ಆದಮೇಲೆ ದಿನಾ ಒಂದಿಷ್ಟು," ಎಂದರು. ಹಚ್ಚಿದ ಕೂಡಲೇ ಎದ್ದದ್ದು ಹಣತೆಯ ಕುಡಿಯಲ್ಲ, ಸಣ್ಣ ಪಂಜು. ಕಂಬದ ಮೇಲಿನ ಉಳಿಯ ಗೀರುಗಳು ಒಂದೊಂದಾಗಿ ಕಂಡವು.

ತಾರಕಾಸುರನ ಮೂವರು ಮಕ್ಕಳು ಚಿನ್ನ, ಬೆಳ್ಳಿ, ಕಬ್ಬಿಣದ ಮೂರು ಪಟ್ಟಣಗಳಲ್ಲಿ ಮೆರೆಯುತ್ತಿದ್ದಾಗ, ಶಿವ ಒಂದೇ ಬಾಣದಲ್ಲಿ ಅವನ್ನು ಸುಟ್ಟ, ಈ ಹುಣ್ಣಿಮೆಗೆ ಹೆಸರು ಕೊಟ್ಟ ಕಥೆ ನಮಗೂ ಗೊತ್ತು. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ ತ್ರಿಪುರಾಂತಕನ ಗುಡಿಯೇ ಇದೆ. ಆದರೆ ಪಾತಾಳೇಶ್ವರದ ನಂಟು ಪುರಾಣಕ್ಕೆ ನಿಲ್ಲುವುದಿಲ್ಲ. ಇದು 8ನೇ ಶತಮಾನದ, ರಾಷ್ಟ್ರಕೂಟರ ಕಾಲದ ಗುಹೆ. ಎಲ್ಲೋರದ ಕೈಲಾಸವನ್ನು ಕಡೆಸಿದನೆಂದು ಹೆಸರಾದ ಒಂದನೇ ಕೃಷ್ಣನ 758 ಮತ್ತು 768ರ ತಾಮ್ರಶಾಸನಗಳಲ್ಲೇ ಪುಣೆ ಸೀಮೆಯ ಉಲ್ಲೇಖ ಸಿಗುತ್ತದೆ. ಕೈಲಾಸದ ಕುಸುರಿ ಇಲ್ಲಿಲ್ಲ. ಕೆಲಸ ಅರ್ಧಕ್ಕೆ ನಿಂತಿದೆ, ಕಂಬಗಳು ಬೋಳಾಗಿವೆ. ಆದರೂ ಗರ್ಭಗುಡಿಯಲ್ಲಿ ಪೂಜೆ ನಡೆಯುತ್ತಿದೆ.

ಗುಹೆಯ ಆ ಶತಮಾನದಲ್ಲೇ, 752ರಲ್ಲಿ, ಜಪಾನಿನ ನಾರಾ ನಗರದ ತೋದಾಯ್‌ಜಿ ಬೌದ್ಧ ಮಂದಿರದಲ್ಲಿ ಚಳಿಗಾಲವನ್ನು ಬೀಳ್ಕೊಡುವ ಬೆಂಕಿಯ ಆಚರಣೆಯೊಂದು ಶುರುವಾಯಿತು. ಒಮಿಝುತೋರಿ ಎಂದು ಅದು ಪ್ರಸಿದ್ಧ. ಈಗಲೂ ಮಾರ್ಚ್ 1ರಿಂದ 14ರವರೆಗೆ ಪ್ರತಿ ಸಂಜೆ ಭಾರಿ ಪಂಜುಗಳನ್ನು ನಿಗತ್ಸುದೋ ಎಂಬ ಮರದ ಮಂದಿರದ ಜಗಲಿಗೆ ಹೊತ್ತೊಯ್ದು ಬೀಸುತ್ತಾರೆ. ಉದುರುವ ಕಿಡಿ ಮೈಮೇಲೆ ಬಿದ್ದರೆ ಒಳಿತೆಂದು ಜನ ಕೆಳಗೆ ಕಾದು ನಿಲ್ಲುತ್ತಾರೆ. 1667ರಲ್ಲಿ ಆಚರಣೆಯ ಹೊತ್ತಿನಲ್ಲೇ ಆ ಮಂದಿರ ಸುಟ್ಟುಹೋಯಿತು. ಎರಡು ವರ್ಷದಲ್ಲಿ ಮತ್ತೆ ಕಟ್ಟಿದರು, ಆಚರಣೆ ಮಾತ್ರ ತಪ್ಪಲಿಲ್ಲ. ನಾರಾದಲ್ಲಿ ಭಿಕ್ಷುಗಳ ಒಂದು ತಂಡ ಕಟ್ಟುನಿಟ್ಟಿನ ವ್ರತ ಹಿಡಿದು ಬೆಂಕಿಯನ್ನು ಕಾಯುತ್ತದೆ. ಪುಣೆಯಲ್ಲಿ ಆ ಹೊಣೆ ಎಣ್ಣೆ ಡಬ್ಬಿ ಹಿಡಿದ ಹುಡುಗಿಯದು, ನೂಲೆಳೆಯುವ ಅಜ್ಜಿಯದು. ಎರಡೂ ಕಡೆ ಹಬ್ಬ ಉಳಿದಿರುವುದು ಜನ ಪ್ರತಿ ವರ್ಷ ಬಂದು ಮಾಡುವ ಕೆಲಸದಿಂದ.

ಇಲ್ಲಿಂದ ಮುಠಾ ನದಿ ದಾಟಿದರೆ ಶನಿವಾರ ಪೇಟೆಯ ಓಂಕಾರೇಶ್ವರ. 1730ರ ದಶಕದಲ್ಲಿ, ಪೇಶ್ವೆ ಮೊದಲನೇ ಬಾಜಿರಾಯನ ಆಳ್ವಿಕೆಯಲ್ಲಿ, ಅವನ ತಮ್ಮ ಚಿಮಾಜಿ ಅಪ್ಪನ ನೆರವಿನಿಂದ ಎದ್ದ ಗುಡಿ. 1961ರ ಜುಲೈ 12ರಂದು ಪಾನಶೇತ್ ಅಣೆಕಟ್ಟು ಒಡೆದು ನದಿ ದಂಡೆಯ ಪೇಟೆಗಳು ಮುಳುಗಿದವು. ಆ ನೀರನ್ನು ಕಂಡ ದಂಡೆಯಲ್ಲೇ ಇಂದು ದೀಪದ ಸಾಲು.

ಕಾಲಲ್ಲಿ ಕಸುವಿದ್ದರೆ ಪರ್ವತಿ ಬೆಟ್ಟವನ್ನೂ ಹತ್ತಿ. ನೂರಕ್ಕೆ ಮೇಲೆ ಮೂರು ಮೆಟ್ಟಿಲು. ನಾನಾಸಾಹೇಬ ಪೇಶ್ವೆ ಕಟ್ಟಿಸಿದ ದೇವದೇವೇಶ್ವರ, ಪಕ್ಕದಲ್ಲಿ ಕಾರ್ತಿಕೇಯ. ಮಹಾರಾಷ್ಟ್ರದ ರೂಢಿಯಂತೆ ಹೆಂಗಸರು ಕಾರ್ತಿಕೇಯನ ದರ್ಶನ ಪಡೆಯುವುದು ಈ ಹುಣ್ಣಿಮೆಯ ಕೃತ್ತಿಕಾ ನಕ್ಷತ್ರದಲ್ಲಿ. ಹಾಗಾಗಿ ಸಾಲು ಉದ್ದವಿರುತ್ತದೆ.

ಹುಣ್ಣಿಮೆ ಬರುವುದು ಸಾಮಾನ್ಯವಾಗಿ ನವೆಂಬರಿನಲ್ಲಿ. ಪಂಚಾಂಗ ನೋಡಿಕೊಂಡು ಹೊರಡಿ. ಪಾತಾಳೇಶ್ವರಕ್ಕೆ ಶಿವಾಜಿನಗರದಿಂದ ಆಟೊದಲ್ಲಿ ಸ್ವಲ್ಪವೇ ದೂರ. ಕತ್ತಲಾಗುವ ಮೊದಲೇ ಹೋದರೆ ಬಂಡೆಯನ್ನೂ ನೋಡಬಹುದು, ಹಣತೆ ಜೋಡಿಸುವವರ ಜೊತೆ ಕೈಯನ್ನೂ ಸೇರಿಸಬಹುದು. ಇದು ಸಂರಕ್ಷಿತ ಸ್ಮಾರಕ. ಎಣ್ಣೆಯೂ ಮಸಿಯೂ ಕಲ್ಲಿಗೆ ಹತ್ತದಂತೆ ಹಣತೆಯ ಕೆಳಗೆ ತಟ್ಟೆಯೋ ಎಲೆಯೋ ಇಡಿ, ಖಾಲಿ ಹಣತೆಗಳನ್ನು ಅಲ್ಲೇ ಬಿಟ್ಟು ಬರಬೇಡಿ. ಪುಣೆಗೆ ಬರುವ ನಮ್ಮವರಲ್ಲಿ ಹಲವರು ಶನಿವಾರವಾಡೆ ನೋಡಿ ಊರಿಗೆ ಮರಳುತ್ತಾರೆ. ಮುಂದೆ ಮಾನ್ಯಖೇಟದಿಂದ ಆಳಿದ ರಾಷ್ಟ್ರಕೂಟರ ಕಾಲದ ಗುಡಿಯನ್ನು ಮರಾಠಿ ಮನೆಗಳು ಇಂದಿಗೂ ಬೆಳಗುತ್ತಿವೆ. ಆ ಸಾಲಿನಲ್ಲಿ ಕನ್ನಡದ ಮನೆಗಳ ಹಣತೆಗಳೂ ಇರಬೇಕು.